ಕರಿಬೇವಿನ ಮರದ ಕಣಜದ ಹುಳ

12 ಜೂನ್ 2025, ಗುರುವಾರ

ಇವತ್ತು ಅತ್ತೆ ನನ್ನ ಹಾರ್ಲಿಕ್ಸ್ ಬಾಟಲಿ ತೊಳೆದಿಟ್ಟರು. ಫಳಫಳ ಹೊಳೆಯುವ ಹಾಗೆ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ಧನಿಯಾ ತುಂಬಿಟ್ಟಿದ್ದಾರೆ. ಅದರೊಳಗೆ ಇಪ್ಪತ್ತಾರು ಗೂಡುಗಳಿದ್ದವು. ಬಿಳಿಯವು, ಅಕ್ಕಿನುಚ್ಚಿನಷ್ಟು ಸಣ್ಣವು. ಇನ್ನೆರಡು ದಿನ ಬಿಟ್ಟಿದ್ದರೆ ಒಂದೊಂದರಿಂದಲೂ ಒಂದೊಂದು ಕಣಜದ ಹುಳ ಹೊರಗೆ ಬರುತ್ತಿತ್ತು. ಎರಡು ಮಿಲಿಮೀಟರ್ ಉದ್ದದ, ಜಗತ್ತಿನಲ್ಲಿ ಇನ್ನೂ ಯಾರೂ ಹೆಸರಿಡದ ಹುಳ. ಈಗ ಅವೆಲ್ಲ ಹೇರೋಹಳ್ಳಿಯ ಮೋರಿಯಲ್ಲಿವೆ.

"ಮುಟ್ಟಬೇಡಿ ಅಂತ ಚೀಟಿ ಅಂಟಿಸಿದ್ನಲ್ಲ ಅತ್ತೆ."

"ನಂಗೆ ಓದಕ್ಕೆ ಬರ್ತದಾ? ಅಡುಗೆಮನೇಲಿ ಹುಳ ಮಡಿಕ್ಕಂಡು ಯಾರಾನಾ ಬಾಳ್ವೆ ಮಾಡ್ತಾರಾ?"

ಆಮೇಲೆ ಕಾಂಪೌಂಡಿನಾಚೆ ನಿಂತಿದ್ದ ಪಕ್ಕದ ಮನೆಯವರಿಗೆ, ನನಗೆ ಕೇಳಿಸುವಷ್ಟೇ ಗಟ್ಟಿಯಾಗಿ: "ನಮ್ಮನೇಲಿ ಹುಳಕ್ಕೆ ಮಾತ್ರ ಬಾಣಂತನ ಕಣಮ್ಮ."

ಮದುವೆಯಾಗಿ ಹದಿನಾರು ವರ್ಷ. ಮಕ್ಕಳಿಲ್ಲ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲೂ ನಮ್ಮತ್ತೆ ಪಾಪಮ್ಮನವರ ಗುರಿ ತಪ್ಪಿಲ್ಲ.

ಮೋಹನ್ ಮಾರೇನಹಳ್ಳಿಯ ಟೈಲ್ಸ್ ಅಂಗಡಿ ಮುಚ್ಚಿ ಬಂದ ಮೇಲೆ ಹೇಳಿದೆ. "ಬಿಡೇ, ಅಮ್ಮಂಗೆ ವಯಸ್ಸಾಗಿದೆ. ಇನ್ನೊಂದಷ್ಟು ಹಿಡ್ಕೋ" ಅಂದರು. ಅತ್ತುಬಿಡೋಣ ಅನ್ನಿಸಿತು, ಅಳು ಬರಲಿಲ್ಲ. ಕಾಲೇಜಿನವರು ಹೊಸವರ್ಷಕ್ಕೆ ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಇದಕ್ಕೇ ಹೇಳುತ್ತೇನೆ.

14 ಜೂನ್, ಶನಿವಾರ

ನಾಗರಬಾವಿ ಕ್ಯಾಂಪಸ್ಸಿಗೆ ಹೋಗಿದ್ದೆ. ಕೀಟಶಾಸ್ತ್ರದ ನನ್ನ ಗುರುಗಳು ದೇವೇಂದ್ರಪ್ಪ ಸಾರ್ ಮೈಕ್ರೋಸ್ಕೋಪಿನಿಂದ ತಲೆ ಎತ್ತದೆ ಅರ್ಧ ಗಂಟೆ ನನ್ನ ಏಳು ಕಣಜಗಳನ್ನು ನೋಡಿದರು. ಏಪ್ರಿಲ್‌ನಲ್ಲಿ ಸಿಕ್ಕವು. ತ್ರಿಕೋನದ ಸಣ್ಣ ಕಾರ್ಡಿನ ತುದಿಗೆ ಅಂಟಿಸಿ, ಪಿನ್ನು ಚುಚ್ಚಿ, ಕೆಳಗೆ ಊರು, ದಿನಾಂಕ, ಹಿಡಿದವರ ಹೆಸರಿನ ಚೀಟಿ ಸಿಕ್ಕಿಸಿ ಇಟ್ಟಿದ್ದೆ.

"ಹೊಸಾದು ಖರೇನ ಅದರಿ. ಆದ್ರ ಏಳೂ ಗಂಡು. ಗಂಡು ಎಷ್ಟಿದ್ರೇನ್ರಿ, ಹೆಣ್ಣು ಇರಲಿಲ್ಲಂದ್ರ ಪೇಪರ್ ಯಾವ ಜರ್ನಲ್ಲಿನವ್ರೂ ತಗೊಳ್ಳಂಗಿಲ್ಲ."

ಸರಿಯೇ. ಹೆಣ್ಣಿಗೆ ಮಾತ್ರ ಮೊಟ್ಟೆಯಿಡುವ ಸೂಜಿ ಇರುತ್ತದೆ. ಆ ಸೂಜಿಯ ಉದ್ದ, ಬಾಗು ನೋಡಿಯೇ ಈ ಗುಂಪಿನಲ್ಲಿ ಯಾವುದು ಯಾವ ಪ್ರಭೇದ ಎಂದು ಹೇಳುವುದು. ಒಂದು ಹೆಣ್ಣನ್ನು ಆ ಪ್ರಭೇದದ ಶಾಶ್ವತ ಸಾಕ್ಷಿಯೆಂದು ಮ್ಯೂಸಿಯಮ್ಮಿನಲ್ಲಿ ಇಡಬೇಕು. ಆ ಹೆಣ್ಣು ಹಾರ್ಲಿಕ್ಸ್ ಬಾಟಲಿಯಲ್ಲಿತ್ತು.

ಕೆಂಗೇರಿಯಿಂದ ಬಸವೇಶ್ವರನಗರದವರೆಗೆ ಕಂಡ ಕಂಡವರ ಕಾಂಪೌಂಡಿನ ಕರಿಬೇವನ್ನೆಲ್ಲ ತಡಕಿಬಿಟ್ಟಿದ್ದೇನೆ. ಈ ಹುಳ ನಮ್ಮ ಹಿತ್ತಲಿನ ಮರ ಬಿಟ್ಟು ಇನ್ನೆಲ್ಲೂ ಸಿಕ್ಕಿಲ್ಲ. ಆ ಮರ ಅತ್ತೆಯದು.

ಸಾರ್ ಅಕ್ಟೋಬರ್ ಕೊನೆಗೆ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಪೇಪರ್ ಒಪ್ಪಿಗೆಯಾದರೆ ಧಾರವಾಡದ ಪ್ರಾಜೆಕ್ಟಿಗೆ ನನ್ನ ಹೆಸರು ಬರೆಯುವುದಾಗಿ ಮಾತು ಕೊಟ್ಟಿದ್ದಾರೆ. ಮೂರು ವರ್ಷದ ಕೆಲಸ. ಕ್ವಾರ್ಟರ್ಸಿನಲ್ಲಿ ಒಂದು ಕೋಣೆ, ಅದರ ಬೀಗದ ಕೈ ನನ್ನ ಕೈಯಲ್ಲಿ. ಹನ್ನೆರಡು ವರ್ಷದಿಂದ ಗೆಸ್ಟ್ ಲೆಕ್ಚರರ್ ಆಗಿ ಕೊಳೆಯುತ್ತಿರುವವಳಿಗೆ ಇನ್ನೊಂದು ಅವಕಾಶ ಬರುವುದಿಲ್ಲ. ಮನೆಯಲ್ಲಿ ಹೇಳಿಲ್ಲ.

22 ಜೂನ್, ಭಾನುವಾರ

ಹಳೆಯ ಸೊಳ್ಳೆಪರದೆ ಕತ್ತರಿಸಿ ಮೂರು ಚೀಲ ಹೊಲಿದೆ. ಹಸಿರು ಹುಳಗಳಿರುವ ಕೊಂಬೆಗೆ ಚೀಲ ತೊಡಿಸಿ ಬಾಯಿ ಕಟ್ಟಿದೆ. ಹಗಲೆಲ್ಲ ಬಾಯಿ ಬಿಚ್ಚಿಟ್ಟರೆ ಕಣಜ ಬಂದು ಹುಳವನ್ನು ಚುಚ್ಚಿ ಅದರ ಮೈಯೊಳಗೆ ಮೊಟ್ಟೆಯಿಡುತ್ತದೆ, ಸಂಜೆ ಕಟ್ಟಿದರೆ ಹಕ್ಕಿ ತಿನ್ನುವುದಿಲ್ಲ. ಈ ಹಸಿರು ಹುಳ ನಿಂಬೆ, ಕರಿಬೇವಿನ ಎಲೆ ತಿಂದು ಚಿಟ್ಟೆಯಾಗುವಂಥದು. ಮುಟ್ಟಿದರೆ ನೆತ್ತಿಯಿಂದ ಕಿತ್ತಳೆ ಬಣ್ಣದ ಕೊಂಬು ಚಾಚಿ ಹುಳಿವಾಸನೆ ಬಿಡುತ್ತದೆ. ಕಣಜ ಅದಕ್ಕೆಲ್ಲ ಹೆದರುವುದಿಲ್ಲ.

ಮರಕ್ಕೆ ಚೀಲ ಕಂಡು ಅತ್ತೆ ಕೆರಳಿದರು. ಆ ಮರಕ್ಕೆ ಅವರು ಪ್ರತಿದಿನ ಬೆಳಿಗ್ಗೆ ಹುಳಿ ಮಜ್ಜಿಗೆ ಹೊಯ್ಯುತ್ತಾರೆ. ಬೀದಿಯ ಹೆಂಗಸರೆಲ್ಲ ಗೇಟಿನ ಹತ್ತಿರ ನಿಂತು "ಅಜ್ಜಿ, ಒಂದೆಸಳು ಕರಿಬೇವು" ಎಂದು ಕೇಳಬೇಕು, ಇವರು ಕಿತ್ತು ಕೊಡಬೇಕು. ನಾನು ಸಾರಿಗೆ ಬೇಕೆಂದರೂ ಕೇಳಿಯೇ ಕೀಳಬೇಕು.

"ನಲವತ್ತೊರ್ಸ ಸಾಕಿದ ಮರ ಕಣಮ್ಮಿ. ಹುಳ ಕಂಡ್ರೆ ಬೂದಿ ಹಾಕ್ತೀನಿ. ನಿಮ್ಮಪ್ಪನ ಮನೆಯಿಂದ ತಂದು ನೆಟ್ಟಿದ್ದಾ?"

ಕಾಲು ಹಿಡಿಯುವುದೊಂದು ಬಾಕಿ. ಒಂದು ತಿಂಗಳು ಬಿಡಿ ಅತ್ತೆ ಎಂದು ಬೇಡಿಕೊಂಡೆ. ಅವರು ಮಜ್ಜಿಗೆ ಚೊಂಬು ತೊಳೆಯಲು ಒಳಗೆ ಹೋದರು.

30 ಜೂನ್, ಸೋಮವಾರ

ಎರಡು ಚೀಲ ಹೋದವು. ಕಾಲೇಜಿನಿಂದ ಬರುವಷ್ಟರಲ್ಲಿ ಕೊಂಬೆ ಸಮೇತ ಕತ್ತರಿಸಿ ಬೀದಿಗೆಲ್ಲ ಕರಿಬೇವು ಹಂಚಿದ್ದರು. ಹುಳಗಳನ್ನು ಬೂದಿಯಲ್ಲಿ ಹೊರಳಿಸಿ ಸಾಲಾಗಿ ಕಲ್ಲಿನ ಮೇಲೆ ಇಟ್ಟಿದ್ದರು. ನನಗೆ ತೋರಿಸಲಿಕ್ಕೆಂದೇ ಇಟ್ಟಿದ್ದು.

4 ಜುಲೈ, ಶುಕ್ರವಾರ

ಉಳಿದಿದ್ದು ಗೋಡೆಯ ಕಡೆಯ ಒಂದೇ ಕೊಂಬೆ. ನಾಲ್ಕು ಹುಳ. ಇವತ್ತು ಮಧ್ಯಾಹ್ನ ಕಣ್ಣಾರೆ ನೋಡಿದೆ. ಹೆಣ್ಣು ಕಣಜ ಬಂದು ಹುಳದ ಬೆನ್ನಿನ ಮೇಲೆ ಕೂತಿತು. ಹುಳ ಕೊಂಬು ಚಾಚಿತು, ಒದ್ದಾಡಿತು. ಕಣಜಕ್ಕೆ ಅವಸರವೇ ಇರಲಿಲ್ಲ. ಸೂಜಿ ಇಳಿಸಿ ಮೊಟ್ಟೆಯಿಟ್ಟು ಎದ್ದು ಹೋಯಿತು. ಐದು ನಿಮಿಷಕ್ಕೆ ಹುಳ ಏನೂ ಆಗದಂತೆ ಮತ್ತೆ ಎಲೆ ಮೇಯತೊಡಗಿತು. ಅಷ್ಟು ಸಂತೋಷ ನನಗೆ ಈ ಮನೆಯಲ್ಲಿ ಎಂದೂ ಆಗಿರಲಿಲ್ಲ.

ಈ ಕೊಂಬೆಯನ್ನು ಯಾರೂ ಮುಟ್ಟಬಾರದು. ಕೊಂಬೆಯಿಂದ ನೀಲಿ ನೈಲಾನ್ ದಾರ ಎಳೆದು ಆಚೆ ಬದಿಯ ಒಗೆಯುವ ಕಲ್ಲಿಗೆ ಬಿಗಿದು ಕಟ್ಟಿದೆ, ಗಾಳಿಗೆ ಚೀಲ ಅಲ್ಲಾಡದಿರಲಿ ಎಂದು. ಕಲ್ಲಿನ ಹತ್ತಿರ ದಾರ ಮೊಣಕಾಲಿಗಿಂತ ಕೆಳಗೆ ಬರುತ್ತದೆ. ಅತ್ತೆ ಬೆಳಿಗ್ಗೆ ಮಜ್ಜಿಗೆ ಚೊಂಬು ಹಿಡಿದು ಅಲ್ಲೇ ಓಡಾಡುವುದು. ಅವರಿಗೆ ಎರಡು ಕಣ್ಣಲ್ಲೂ ಪೊರೆ.

ಹೇಳಬೇಕು ಎಂದುಕೊಂಡೆ. ಅವರು ಟೀವಿ ನೋಡುತ್ತಿದ್ದರು. ಬೆಳಿಗ್ಗೆ ಹೇಳಿದರಾಯಿತು.

5 ಜುಲೈ, ಶನಿವಾರ

ಅತ್ತೆ ಬಿದ್ದರು. ಬೆಳಿಗ್ಗೆ ಆರಕ್ಕೆ. ಸೊಂಟದ ಮೂಳೆ ಮುರಿದಿದೆ.

ಚೀಲಕ್ಕೆ ಏನೂ ಆಗಿಲ್ಲ.

8 ಜುಲೈ, ಮಂಗಳವಾರ

ಆಪರೇಷನ್ ಆಯಿತು. ರಾಡ್ ಹಾಕಿದ್ದಾರೆ. ಇನ್ನು ಎದ್ದು ಓಡಾಡುವುದು ಕಷ್ಟ ಎಂದರು ಡಾಕ್ಟರ್. ಮೋಹನ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಬೆನ್ನು ಸವರಿದೆ. "ಪಾಚಿ ಕಟ್ಟಿತ್ತು ರೀ ಅಲ್ಲಿ. ಎಷ್ಟು ಸಲ ಹೇಳಿದ್ದೆ" ಎಂದೆ. ನಂಬಿದರು.

ಶನಿವಾರ ಅವರು ಆಟೋ ತರಲು ಓಡಿದಾಗಲೇ ದಾರ ಬಿಚ್ಚಿ ಸುತ್ತಿಟ್ಟಿದ್ದೆ. ನಡುವೆ ಹರಿದಿತ್ತು. ಮತ್ತೆ ಕೂಡಿಸಿ ನೋಡಿದರೆ ಒಂದು ಗೇಣು ಕಡಿಮೆ. ಕಲ್ಲಿನ ಸಂದಿಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ. ಚರಂಡಿಗೆ ಹೋಗಿರಬೇಕು.

ನಾನೇನು ಬೀಳಿಸಲಿಲ್ಲ. ಹೇಳುವುದು ಮರೆತಿದ್ದು, ಅಷ್ಟೆ. ಅತ್ತೆಗೂ ಏನೂ ನೆನಪಿದ್ದಂತಿಲ್ಲ. ಯಾವಾಗಲೂ ಸೊಂಟದಲ್ಲಿರುವ ಎಲೆಅಡಿಕೆ ಚೀಲವನ್ನು ಎದೆಗವಚಿಕೊಂಡು ಮಲಗಿದ್ದಾರೆ. ಆಪರೇಷನ್ನಿಗೆ ಕರೆದೊಯ್ಯುವಾಗಲೂ ನರ್ಸ್ ಕೈಗೆ ಕೊಡದೆ ಮಗನ ಕೈಗೆ ಕೊಟ್ಟು, "ಬಿಚ್ಚಬ್ಯಾಡ" ಎಂದರಂತೆ. ಮುದುಕರ ಹಟ.

17 ಜುಲೈ, ಗುರುವಾರ

ಹಸಿರು ಹುಳದ ಮೈ ಒಡೆದು ಮೂವತ್ತೊಂದು ಕಣಜದ ಮರಿಗಳು ಹೊರಗೆ ಬಂದು, ಅಲ್ಲೇ ಎಲೆಯ ಮೇಲೆ ಬಿಳಿ ಗೂಡು ನೇಯ್ದವು. ಎರಡು ವಾರ ಒಳಗಿದ್ದು ತಿಂದಿವೆ. ಜೀವಕ್ಕೆ ಬೇಕಾದ್ದನ್ನು ಮುಟ್ಟದೆ ಕೊಬ್ಬನ್ನಷ್ಟೇ ತಿನ್ನುವ ಜಾಣತನ ಅವಕ್ಕೆ ಯಾರು ಕಲಿಸಿದರೋ.

ಇನ್ನೂ ಒಂದು ಸೋಜಿಗ. ತೂತುತೂತಾದ ಆ ಹುಳ ಸತ್ತಿಲ್ಲ. ಓಡಿಹೋಗಿಯೂ ಇಲ್ಲ. ಗೂಡುಗಳ ಮೇಲೆ ಕವಿದು ಕೂತಿದೆ. ಹತ್ತಿರ ಇರುವೆ ಬಂದರೆ ತಲೆ ಬೀಸಿ ಓಡಿಸುತ್ತದೆ. ತನ್ನನ್ನು ತಿಂದವರಿಗೇ ಕಾವಲು. ಎಲೆ ಬಾಯಿಗಿಟ್ಟರೂ ತಿನ್ನುತ್ತಿಲ್ಲ. ವಿಡಿಯೋ ಮಾಡಿ ಸಾರ್‌ಗೆ ಕಳಿಸಿದೆ.

ಅತ್ತೆಯನ್ನು ಮನೆಗೆ ಕರೆತಂದೆವು.

23 ಜುಲೈ, ಬುಧವಾರ

ಹೆಣ್ಣು! ಹತ್ತೊಂಬತ್ತು ಹೆಣ್ಣು!

2 ಆಗಸ್ಟ್, ಶನಿವಾರ

ಹಗಲು ಅತ್ತೆಯನ್ನು ನೋಡಿಕೊಳ್ಳಲು ಮಹಡಿಯ ಮೇಲೆ ಬಾಡಿಗೆಗಿರುವ ಭಾಗವ್ವನನ್ನು ಮೋಹನ್ ಗೊತ್ತು ಮಾಡಿದ್ದರು. ಬಾಗಲಕೋಟೆ ಕಡೆಯ ಗಟ್ಟಿ ಹೆಂಗಸು. ಮೂರನೆಯ ದಿನಕ್ಕೆ ಬಿಟ್ಟಳು. ಅತ್ತೆ ಅವಳ ಕೈಯಿಂದ ಗುಟುಕು ನೀರೂ ಕುಡಿಯಲಿಲ್ಲವಂತೆ, ಒದ್ದೆಯಲ್ಲೇ ಮಲಗಿದ್ದರಂತೆ, ನಾನು ಬರುವವರೆಗೆ.

"ಮುದುಕಿ ಭಾಳ ಬೆರಕಿ ಅದಾಳ್ರಿ ಅಕ್ಕಾರ. ಸೊಸೀನ ಮಾಡ್ಬೇಕಂತ" ಎಂದಳು ಭಾಗವ್ವ.

"ಅಮ್ಮಂಗೆ ನಿನ್ನ ಮೇಲೇ ನಂಬಿಕೆ ಕಣೇ" ಎಂದರು ಮೋಹನ್, ಕಣ್ಣಲ್ಲಿ ನೀರು ತುಂಬಿಕೊಂಡು. ಕಾಲೇಜಿಗೆ ಅರ್ಧ ದಿನ ಮಾತ್ರ ಹೋಗುವುದೆಂದಾಯಿತು.

19 ಆಗಸ್ಟ್, ಮಂಗಳವಾರ

ದಿನಕ್ಕೆ ಹದಿನೈದು ಸಲ ಮುದುಕಿ ಸ್ಟೀಲ್ ಲೋಟವನ್ನು ಮಂಚದ ಕಬ್ಬಿಣಕ್ಕೆ ಬಡಿಯುತ್ತಾಳೆ. ಬೆಡ್‌ಪ್ಯಾನ್ ಇಡು, ಪ್ಯಾನ್ ತೆಗೆ, ಹೊರಳಿಸು. ಪೇಪರಿಗೆ ಕಣಜದ ಚಿತ್ರ ಬಿಡಿಸಲು ಕೂತರೆ ಸಾಕು, ಠಣ್ ಠಣ್. ಹುಳದ ರೆಕ್ಕೆಯ ಒಂದು ನರ ತಪ್ಪಾದರೂ ಇಡೀ ಚಿತ್ರ ಹಾಳು.

ಮಧ್ಯಾಹ್ನದ ಮೇಲೆ ನೀರು ಕೊಡುವುದನ್ನು ನಿಲ್ಲಿಸಿದ್ದೇನೆ. ಕುಡಿದರೆ ತಾನೆ ಪ್ಯಾನ್ ಕೇಳುವುದು? ಸಂಜೆ ಮೋಹನ್ ಬರುವ ಹೊತ್ತಿಗೆ ಅರ್ಧ ಲೋಟ ಕೊಡುತ್ತೇನೆ. ಕೆಲಸ ಚುರುಕಾಗಿದೆ. ಕಾಲು, ಮೀಸೆ, ಸೂಜಿ ಮೂರೂ ಅಳೆದು ಮುಗಿಯಿತು.

26 ಆಗಸ್ಟ್, ಮಂಗಳವಾರ

ಮುದುಕಿಯ ತಲೆ ಬಾಚಲು ಹತ್ತು ನಿಮಿಷ ಹಿಡಿಯುತ್ತದೆ. ಇವತ್ತು ಕತ್ತರಿಸಿಬಿಟ್ಟೆ. ಕಿವಿಯ ಮಟ್ಟಕ್ಕೆ. ಆ ತುರುಬಿನ ಮೇಲೆ ಅವಳಿಗೆ ಎಷ್ಟು ಜಂಬವಿತ್ತೆಂದು ಗೊತ್ತು. ಬಾಯಿ ಬಿಡಲಿಲ್ಲ, ಗೋಡೆ ನೋಡುತ್ತ ಕೂತಿದ್ದಳು. ಮೋಹನ್ "ಒಳ್ಳೇದಾಯ್ತು ಬಿಡು, ಸೆಕೆಗೆ" ಎಂದರು.

ಇಷ್ಟು ಸಣ್ಣ ಹುಳಗಳನ್ನು ಚಿಮಟದಲ್ಲಿ ಹಿಡಿದರೆ ಪುಡಿಯಾಗುತ್ತವೆ. ಕಡ್ಡಿಯ ತುದಿಗೆ ಕೂದಲೊಂದನ್ನು ಅಂಟಿಸಿಕೊಂಡು ಅದರಿಂದ ಎತ್ತಬೇಕು. ನನ್ನ ಕೂದಲು ಒರಟು. ಮುದುಕಿಯ ಬಿಳಿಕೂದಲು ಹೇಳಿ ಮಾಡಿಸಿದಂತಿದೆ. ಮ್ಯೂಸಿಯಮ್ಮಿಗೆ ಹೋಗುವ ಆ ಒಂದು ಹೆಣ್ಣನ್ನು ಅದರಿಂದಲೇ ಎತ್ತಿ ಕಾರ್ಡಿಗೆ ಕೂರಿಸಿದೆ. ಮೀಸೆ ಕೂಡ ಮುರಿಯಲಿಲ್ಲ.

13 ಸೆಪ್ಟೆಂಬರ್, ಶನಿವಾರ

ಪೇಪರಿನಲ್ಲಿ ಹೆಸರಿನ ಸಾಲೊಂದು ಖಾಲಿ ಉಳಿದಿತ್ತು. ಹೊಸ ಪ್ರಭೇದಕ್ಕೆ ಕಂಡುಹಿಡಿದವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದು ನಾಚಿಕೆಗೇಡು. ಊರಿನದ್ದೋ, ಗುರುಗಳದ್ದೋ ಇಡುವುದು ವಾಡಿಕೆ. ಸಾರ್ ತಮ್ಮ ಹೆಸರು ಬರಬಹುದೆಂದು ಕಾದಿದ್ದರು, ಪಾಪ.

ನಾನು "ಪಾಪಮ್ಮೇ" ಎಂದು ಬರೆದೆ, ಲ್ಯಾಟಿನ್ ರೀತಿಯಲ್ಲಿ "ಪಾಪಮ್ಮನ" ಎಂದರ್ಥ.

"ಅತ್ತೀ ಹೆಸರೇನ್ರಿ? ನಿಮ್ಮಂಥಾ ಸೊಸೀನ ಎಲ್ಲೂ ನೋಡಿಲ್ಲ ಬಿಡ್ರಿ" ಎಂದರು. "ಆ ಮರವನ್ನು ನಲವತ್ತು ವರ್ಷ ಸಾಕಿದವರ ಗೌರವಾರ್ಥ" ಎಂದು ಕಾರಣ ಬರೆದಿದ್ದೇನೆ. ನಿಜವಾದ ಕಾರಣ ಇಲ್ಲಿ ಬರೆಯುತ್ತೇನೆ: ಇನ್ನೊಬ್ಬರ ಮೈಯೊಳಗೆ ಕೂತು ಹದಿನಾರು ವರ್ಷ ತಿಂದವಳ ಹೆಸರು, ಅಂಥದೇ ಒಂದು ಹುಳಕ್ಕೆ. ಒಮ್ಮೆ ಅಚ್ಚಾದರೆ ಯಾರೂ ಬದಲಾಯಿಸುವಂತಿಲ್ಲ. ಅವಳು ಸತ್ತ ಮೇಲೂ ಉಳಿಯುತ್ತದೆ. ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ.

27 ಅಕ್ಟೋಬರ್, ಸೋಮವಾರ

ಪೇಪರ್ ಒಪ್ಪಿಗೆಯಾಯಿತು. ಸಾರ್ ನಿವೃತ್ತಿಗೆ ನಾಲ್ಕು ದಿನ ಮುಂಚೆ. ಧಾರವಾಡಕ್ಕೆ ನನ್ನೆದುರೇ ಫೋನ್ ಮಾಡಿ ಹೇಳಿದರು.

23 ನವೆಂಬರ್, ಭಾನುವಾರ

ಬೀದಿಯ ರಾಜ್ಯೋತ್ಸವದಲ್ಲಿ ನಮಗಿಬ್ಬರಿಗೂ ಸನ್ಮಾನ. ಮೋಹನ್ ಫ್ಲೆಕ್ಸ್ ಹಾಕಿಸಿದ್ದರು. ಒಂದು ಕಡೆ ಮುದುಕಿ, ಒಂದು ಕಡೆ ನಾನು, ನಡುವೆ ಆನೆಯಷ್ಟು ದೊಡ್ಡದಾಗಿ ಕಣಜ. ಮುದುಕಿಯನ್ನು ವೀಲ್‌ಚೇರಿನಲ್ಲಿ ಕೂರಿಸಿ ಶಾಲು ಹೊದಿಸಿದರು. ಅತ್ತೆ ಸೊಸೆ ಅಂದರೆ ಹೀಗಿರಬೇಕು ಎಂದು ಮೈಕಿನಲ್ಲಿ ಹೇಳಿದರು. ಅವಳು ಕೈಮುಗಿದಳು. ಶಾಲಿನ ಕೆಳಗೆ ಎಲೆಅಡಿಕೆ ಚೀಲ.

ಮನೆಗೆ ಬಂದು ಮೈ ಒರೆಸುವಾಗ ಕೇಳಿದಳು. "ಆ ಹುಳ ಏನ್ ಮಾಡ್ತದೆ?"

ಈ ಗಳಿಗೆಗೆ ಕಾದಿದ್ದೆ. ನಿಧಾನವಾಗಿ, ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ. ಚುಚ್ಚುವುದು, ಒಳಗೆ ಮರಿ ಬಿಡುವುದು, ಬದುಕಿರುವಾಗಲೇ ತಿನ್ನುವುದು, ಚರ್ಮ ಒಡೆದು ಬರುವುದು. "ಅದಕ್ಕೇ ನಿಮ್ಮ ಹೆಸರು ಇಟ್ಟೆ" ಎಂದೂ ಸೇರಿಸಿದೆ.

ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಯೋಚಿಸಿ, "ತಿಂದ್ಮೇಲೂ ಆ ಹಸುರುಳ ಬದುಕಿರ್ತದಾ?" ಎಂದಳು.

"ಇರತ್ತೆ. ಗೂಡು ಕಾಯ್ಕೊಂಡು ಕೂತಿರತ್ತೆ."

"ಓಡೋಗಲ್ವಾ?"

"ಇಲ್ಲ."

"ಒಳ್ಳೇ ಹೆಸರೇ ಮಡಗಿದ್ದೀಯ ಬಿಡು" ಎಂದಳು.

10 ಡಿಸೆಂಬರ್, ಬುಧವಾರ

ಧಾರವಾಡದಿಂದ ಆರ್ಡರ್ ಬಂತು. ಜನವರಿ ಐದಕ್ಕೆ ಸೇರಬೇಕು. ಹೆದರುತ್ತಲೇ ಮೋಹನ್‌ಗೆ ತೋರಿಸಿದೆ. "ಅಮ್ಮನ ಹೆಸರು ಉಳಿಸಿದೋಳು ನೀನು. ನಿನ್ನ ತಡೆದ್ರೆ ನಂಗೆ ಒಳ್ಳೇದಾಗತ್ತಾ? ಹೋಗು. ಭಾಗವ್ವನ್ನ ಮತ್ತೆ ಕೇಳೋಣ" ಅಂದರು. ಹದಿನಾರು ವರ್ಷದಲ್ಲಿ ಮೊದಲ ಸಲ ಅವರ ಕೈಹಿಡಿದು ಅತ್ತುಬಿಟ್ಟೆ. ಸೂಟ್‌ಕೇಸ್ ಅಟ್ಟದಿಂದ ಇಳಿಸಿದ್ದೇನೆ.

14 ಡಿಸೆಂಬರ್, ಭಾನುವಾರ

ಮೋಹನ್ ಅಂಗಡಿಗೆ ಹೋದ ಮೇಲೆ ಲೋಟದ ಸದ್ದು. ಒಳಗೆ ಹೋದೆ.

"ಬಾಗಿಲು ಮುಂದಕ್ಕೆ ಎಳಿ" ಎಂದಳು.

ಎಲೆಅಡಿಕೆ ಚೀಲದ ಬಾಯಿ ಬಿಚ್ಚಿ, ಸುಣ್ಣದ ಡಬ್ಬಿ, ಅಡಕೊತ್ತು ಹಾಸಿಗೆಯ ಮೇಲಿಟ್ಟು, ತಳದಿಂದ ಏನನ್ನೋ ತೆಗೆದು ಅಂಗೈ ಬಿಡಿಸಿದಳು. ನೀಲಿ ನೈಲಾನ್ ದಾರ. ಒಂದು ಗೇಣು.

"ಪೊರೆ ಬಂದಿರೋದು ಕಣ್ಣಿಗೆ, ಕೈಗಲ್ಲ. ಬೀಳುವಾಗ ಹಿಡ್ಕಂಡೆ, ಕಿತ್ಕಂಡು ಬಂತು. ನೀನು ಆಮ್ಯಾಕೆ ಬಂದು ನನ್ನ ಎತ್ತಲಿಲ್ಲ. ದಾರ ಬಿಚ್ಚಿದೆ. ನೆಲದಾಗೆ ಮಕ್ಕಂಡು ನೋಡ್ತಾನೆ ಇದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಮೋಹನ ಅವತ್ತೇ ನಿನ್ನ ಆಚಿಗೆ ಅಟ್ತಿದ್ದ. ಆಮೇಲೆ ನನ್ನ ಉಚ್ಚೆ ಬಳಿಯೋರು ಯಾರು? ಕೂಲಿಯೋರು ಒಂದು ತಿಂಗ್ಳು ಮಾಡ್ತಾರೆ, ಬಿಟ್ಟೋಯ್ತಾರೆ. ನೀನು ಹೋಗಂಗಿಲ್ಲ. ಅದಕ್ಕೇ ಬಾಯಿ ಮುಚ್ಕಂಡಿದ್ದೆ. ನೀರು ಕೊಡ್ದಿದ್ರೂ ಮುಚ್ಕಂಡಿದ್ದೆ. ತಲೆ ಬೋಳಿಸಿದ್ರೂ ಮುಚ್ಕಂಡಿದ್ದೆ."

"ಅತ್ತೆ..."

"ಪೆಟ್ಟಿಗೆ ಇಳಿಸಿದ್ದೀಯಂತೆ. ಮೇಲಕ್ಕೆ ಹಾಕು. ನೀನು ಹೊಸ್ಲು ದಾಟಿದ ದಿನ ಇದು ಅವನ ಕೈಗೆ ಹೋಯ್ತದೆ. ಪೋಲೀಸ್ನೋರ್ಗೂ ಹೋಯ್ತದೆ. ಶಾಲು ಹೊದಿಸಿದ್ರಲ್ಲ, ಆ ಜನಕ್ಕೂ ಗೊತ್ತಾಯ್ತದೆ." ದಾರವನ್ನು ಬೆರಳಿಗೆ ಸುತ್ತಿ, ಮತ್ತೆ ಚೀಲದ ತಳಕ್ಕೆ ಹಾಕಿದಳು. "ಹೂಂ. ಈಗ ನೀರು ಕೊಡು. ಚೊಂಬು ತುಂಬ."

ಕೊಟ್ಟೆ. ಪೂರ್ತಿ ಕುಡಿದರು.

15 ಡಿಸೆಂಬರ್, ಸೋಮವಾರ

ಬರುವುದಿಲ್ಲವೆಂದು ಧಾರವಾಡಕ್ಕೆ ಮೇಲ್ ಕಳಿಸಿದೆ. ಕಾರಣ: ಅತ್ತೆಯವರ ಆರೋಗ್ಯ. ಸಾರ್ ಫೋನ್ ಮಾಡಿ, "ಇಷ್ಟು ದೊಡ್ಡ ಮನಸು ಯಾರಿಗಿರ್ತದರಿ" ಎಂದರು. ಮೋಹನ್ ಸಂಜೆ ಮೈಸೂರುಪಾಕು ತಂದು ನನ್ನ ಬಾಯಿಗೆ ತಾವೇ ಇಟ್ಟರು. ನುಂಗಲಾಗಲಿಲ್ಲ. ನಿನ್ನೆಯಿಂದ ಏನೂ ಸೇರುತ್ತಿಲ್ಲ.

ಇವತ್ತು ಅತ್ತೆಯವರ ಚೆಕಪ್ ಇತ್ತು. ಬಿಪಿ, ಶುಗರ್ ಏನೂ ಇಲ್ಲ, ಹೃದಯ ಗಟ್ಟಿಯಾಗಿದೆ, ಇನ್ನು ಹದಿನೈದು ವರ್ಷಕ್ಕೆ ಯೋಚನೆಯಿಲ್ಲ ಎಂದರು ಡಾಕ್ಟರ್. "ಎಲ್ಲಾ ನನ್ನ ಸೊಸೆ ಆರೈಕೆ ಸಾರ್" ಎಂದರು ಅತ್ತೆ.

ಸೂಟ್‌ಕೇಸ್ ಅಟ್ಟಕ್ಕೆ ಹಾಕಬೇಕು. ಕರಿಬೇವಿಗೆ ಇವತ್ತು ಮಜ್ಜಿಗೆ ಹೊಯ್ದಿಲ್ಲ, ಅದನ್ನೂ ನಾನೇ ಮಾಡಬೇಕಂತೆ. ಅತ್ತೆ ಲೋಟ ಬಡಿಯುತ್ತಿದ್ದಾರೆ.